ನಾಯಿ ನಮ್ಮ ಕಂಟಕ ಹೊತ್ತು ಹೋಯ್ತು ಅಂದ್ರೆ, ಎರಡನೇ ಕುನ್ನಿ ಯಾಕೆ ಸತ್ತಿತು?

ಸಾಧನಕೇರಿ, ಧಾರವಾಡ

ನಮ್ಮ ಓಣಿಯ ಒಂದು ಮನೆಯ ವಿಷಯ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಮಳೆಗಾಲದ ಶುರುವಿನಲ್ಲಿ ಅವರು ತಂದ ಕುನ್ನಿ ಉಣ್ಣುವುದು ಬಿಟ್ಟಿತು. ವಾಂತಿ, ಆಮೇಲೆ ರಕ್ತ ಬೆರೆತ ಭೇದಿ. ಎರಡು ಮೂರು ದಿನದಲ್ಲಿ ಹೋಯಿತು. ಅದೇ ವಾರ ಆ ಮನೆಯ ಯಜಮಾನರು ಬೈಕಿನಿಂದ ಬಿದ್ದಿದ್ದರು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ‘ನಿನ್ನ ಮೇಲೆ ಬರಬೇಕಾದದ್ದನ್ನು ಆ ಮೂಕಪ್ರಾಣಿ ಹೊತ್ತುಕೊಂಡು ಹೋಯ್ತು’ ಅಂತ ಹಿರಿಯರು ಹೇಳಿದರು. ಮನೆಯವರು ಅತ್ತರು. ಆದರೆ ಆ ಮಾತಿನಿಂದ ಒಂದು ಸಮಾಧಾನವೂ ಸಿಕ್ಕಿತು.

ತಿಂಗಳೊಳಗೆ ಇನ್ನೊಂದು ಕುನ್ನಿ ಬಂತು. ಅದೇ ಅಂಗಳ, ಅದೇ ಗೋಣಿಚೀಲ, ಅದೇ ತಾಟು. ಅದಕ್ಕೂ ಅದೇ ವಾಂತಿ, ಅದೇ ಭೇದಿ. ಅದೂ ಉಳಿಯಲಿಲ್ಲ. ಈಗ ಮನೆಗೇ ದೃಷ್ಟಿ ತಗುಲಿದೆ ಅನ್ನುತ್ತಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರು ಮನೆಯ ಫೋಟೊ ನೋಡಿ ‘ನೆಗೆಟಿವ್ ಎನರ್ಜಿ’ ತೆಗೆಯುತ್ತೇನೆ, ಸತ್ತ ಕುನ್ನಿಯ ಆತ್ಮದ ಜೊತೆ ಮಾತಾಡುತ್ತೇನೆ ಅಂತ ದುಡ್ಡು ಕೇಳುತ್ತಿದ್ದಾರೆ.

ನಾನು ದೇವರನ್ನು ನಂಬುವವನು. ನಮ್ಮ ನಾಯಿಯ ಕೊರಳಲ್ಲೂ ಕಪ್ಪು ದಾರ ಇದೆ. ಅಮಾವಾಸ್ಯೆ ದಿನ ಅವ್ವ ಮಕ್ಕಳಿಗೆ ಉಪ್ಪು ಮೆಣಸಿನಕಾಯಿ ಇಳಿಸಿದ ಮೇಲೆ ನಾಯಿಗೂ ಇಳಿಸುತ್ತಾಳೆ. ಅದನ್ನು ಬಿಡುವ ಮಾತೇ ಇಲ್ಲ. ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಬೇರೆ. ಕಂಟಕ ಅಂತ ಒಬ್ಬರು ಹೇಳಿದ ಕೂಡಲೇ ಯಾಕೆ ಸತ್ತಿತು ಅಂತ ಕೇಳುವುದನ್ನು ಎಲ್ಲರೂ ನಿಲ್ಲಿಸಿಬಿಟ್ಟರು. ಕೇಳಿದ್ದರೆ ಎರಡನೆಯದು ಉಳಿಯುತ್ತಿತ್ತಾ? ಪ್ರಾಣಿ ಸಾಕುವ, ಪೂಜೆನೂ ಮಾಡುವ ಜನರ ಅಭಿಪ್ರಾಯ ಬೇಕು. ದಯವಿಟ್ಟು ಯಾರನ್ನೂ ಹೀಗಳೆಯಬೇಡಿ.

ಪಶುವೈದ್ಯೆ, ಗದಗ

ನೀವು ಹೇಳಿದ ಲಕ್ಷಣ ನೋಡಿದರೆ ಮೊದಲು ಅನುಮಾನ ಬರುವುದು ಪಾರ್ವೊ ವೈರಸ್ ಮೇಲೆ. 1978ರ ಸುಮಾರಿಗೆ ಕಾಣಿಸಿಕೊಂಡು ಒಂದೆರಡು ವರ್ಷದಲ್ಲಿ ಪ್ರಪಂಚಕ್ಕೆಲ್ಲ ಹರಡಿದ ರೋಗ ಇದು. ಕುನ್ನಿಗಳ ಕರುಳಿನ ಒಳಪದರವನ್ನೇ ಹಾಳು ಮಾಡುತ್ತದೆ. ಅದಕ್ಕೇ ರಕ್ತ ಭೇದಿ. ಜಾಸ್ತಿ ಕುನ್ನಿಗಳು ಸಾಯುವುದು ಮೈಯಲ್ಲಿ ನೀರಿಲ್ಲದೆ ಮತ್ತು ರಕ್ತಕ್ಕೆ ನಂಜು ಏರಿ. ಮೊದಲ ದಿನವೇ ಬಂದರೆ ಸಲೈನ್, ವಾಂತಿ ನಿಲ್ಲುವ ಸೂಜಿ, ಆ್ಯಂಟಿಬಯೋಟಿಕ್ ಕೊಟ್ಟು ಎಷ್ಟೋ ಕುನ್ನಿಗಳನ್ನು ಉಳಿಸಿಕೊಳ್ಳಬಹುದು. ಮೂರನೇ ದಿನ ಬಂದರೆ ಕಷ್ಟ.

ಎರಡನೆಯದು ಯಾಕೆ ಸತ್ತಿತು ಅಂದ್ರೆ, ಈ ವೈರಸ್ ಬಹಳ ಗಟ್ಟಿ. ನೆರಳಿರುವ ಹಸಿ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ವರ್ಷದವರೆಗೂ ಇರಬಹುದು. ಸಾಮಾನ್ಯ ಫಿನಾಯಿಲ್‌ಗೆ ಸಾಯುವುದಿಲ್ಲ. ಗಚ್ಚು, ತಾಟು, ಸರಪಳಿಗಳನ್ನು ಮೊದಲು ಸೋಪಿನಲ್ಲಿ ತೊಳೆಯಿರಿ. ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಡಿ. ಗೋಣಿಚೀಲ ಸುಟ್ಟುಹಾಕಿ. ಮಣ್ಣಿನ ಅಂಗಳ ಶುದ್ಧವಾಗುವುದಿಲ್ಲ. ಬಿಸಿಲು ಬೀಳುವ ಹಾಗೆ ಮಾಡಿ ಕಾಯಬೇಕು. ವರ್ಷದೊಳಗೆ ನಾಯಿ ಬೇಕೇ ಬೇಕು ಅಂದ್ರೆ ಲಸಿಕೆ ಪೂರ್ತಿ ಆದ ದೊಡ್ಡ ನಾಯಿ ತನ್ನಿ. ಕುನ್ನಿಗಾದರೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರ ತುಂಬುವ ತನಕ. ಒಂದು ಸೂಜಿ ಮಾಡಿಸಿ ‘ಲಸಿಕೆ ಆಗಿದೆ’ ಅನ್ನುವವರು ಬಹಳ ಜನ. ಅದು ಸಾಲುವುದಿಲ್ಲ.

ಕಪ್ಪು ದಾರದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಕುನ್ನಿ ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ. ಕೊರಳ ಚರ್ಮದೊಳಗೆ ಹೂತುಹೋದ ದಾರವನ್ನು ಕತ್ತರಿಸಿ ತೆಗೆಯುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಕೂದಲಿನಡಿ ಹುಳ ಆಗಿರುವುದು ಮನೆಯವರಿಗೆ ಕಾಣಿಸಿಯೇ ಇರುವುದಿಲ್ಲ. ದಾರದೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ವಾರಕ್ಕೊಮ್ಮೆ ನೋಡಿ.

ರಾಣೇಬೆನ್ನೂರು ಹೊಲದ ಮನೆ

ಡಾಕ್ಟ್ರು ಹೇಳಿದ್ದು ಸರಿ. ಆದರೆ ನಂಬಿಕೆ ಅಂದ್ರೆ ಬರೀ ದಾರ, ಲಿಂಬೆಹಣ್ಣು ಅಂತ ಆಗಬಾರದು. ನಾವು ದೇವರಗುಡ್ಡದ ಮಾಲತೇಶನ ಒಕ್ಕಲು. ಮಾಲತೇಶ ಅಂದ್ರೆ ಮೈಲಾರಲಿಂಗನೇ. ಮೈಲಾರಲಿಂಗನ ಜೊತೆ ನಾಯಿ ಇದೆ. ಆ ದೇವರ ಸೇವೆಯ ದೀಕ್ಷೆ ಪಡೆದ ನಮ್ಮ ಗೊರವಯ್ಯಗಳು ಕಂಬಳಿ ತೊಟ್ಟು, ದೋಣಿ ಅನ್ನುವ ಮರದ ಪಾತ್ರೆಯಲ್ಲಿ ಹಾಲು, ತುಪ್ಪ, ಬಾಳೆಹಣ್ಣು ಹಾಕಿಸಿಕೊಂಡು ನಾಯಿಯಂತೆ ಬೊಗಳುತ್ತಾ ಉಣ್ಣುತ್ತಾರೆ. ಹೊರಗಿನವರಿಗೆ ಅದು ವಿಚಿತ್ರ ಕಾಣಬಹುದು. ನಮಗೆ ಅದರ ಅರ್ಥ, ದೇವರ ಮುಂದೆ ನಾವೂ ನಾಯಿಯೂ ಒಂದೇ. ದಸರಾಕ್ಕೆ ಕಾರಣಿಕ ಕೇಳಲು ಹೋದಾಗ ಗುಡ್ಡದ ನಾಯಿಗಳಿಗೆ ಬುತ್ತಿ ಬಿಚ್ಚಿ ಹಾಕಿಯೇ ನಾವು ಉಣ್ಣುವುದು. ನಮ್ಮ ಮನೆಯಲ್ಲಿ ನಾಯಿಯನ್ನು ಕಾಲಿನಿಂದ ಒದ್ದವರು ಯಾರೂ ಇಲ್ಲ. ಇದನ್ನು ಮೂಢನಂಬಿಕೆ ಅಂದ್ರೆ ನಾನು ಒಪ್ಪುವುದಿಲ್ಲ.

ದನಗಳದೂ ಹಾಗೇ. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚುತ್ತೇವೆ. ಮುಂದಿನ ಅಮಾವಾಸ್ಯೆಗೆ ಮಣ್ಣಿನೆತ್ತು ಮಾಡಿ ಪೂಜೆ. ಆ ಮೈ ತೊಳೆಯುವಾಗಲೇ ಗೊರಸಿನ ಹುಣ್ಣು, ಬಾಲದ ಕೆಳಗಿನ ಉಣ್ಣೆ ಕಣ್ಣಿಗೆ ಬೀಳುವುದು.

ಆದರೆ ಒಂದು ಮಾತು ನಮ್ಮವರಿಗೇ ಹೇಳಬೇಕು. ಬರೆ ಹಾಕಿಸುವುದು ಇನ್ನೂ ನಿಂತಿಲ್ಲ. ಹೊಟ್ಟೆ ಉಬ್ಬಿದರೂ ಬರೆ, ಕುಂಟಿದರೂ ಬರೆ. 2022ರಲ್ಲಿ ಚರ್ಮಗಂಟು ರೋಗ ಬಂದು ಹಾವೇರಿ ಜಿಲ್ಲೆಯ ದನಗಳು ಹೋದಾಗಲೂ ಕೆಲವರು ಗಂಟಿನ ಮೇಲೆ ಬರೆ ಹಾಕಿಸಿದರು. ಮೊದಲೇ ಜ್ವರದಲ್ಲಿರುವ ಎತ್ತು. ಸುಟ್ಟ ಗಾಯಕ್ಕೆ ನೊಣ ಕೂತು ಹುಳ ಬಿತ್ತು. ಆ ರೋಗ ಹರಡುವುದೇ ನೊಣ, ಸೊಳ್ಳೆ, ಉಣ್ಣೆಯಿಂದ. ಬೇವಿನ ಹೊಗೆ ಹಾಕಿದವರು, ಆಡಿನ ಸಿಡುಬಿನ ಲಸಿಕೆ ಹಾಕಿಸಿದವರು ಒಂದಿಷ್ಟಾದರೂ ತಡೆದರು. ದ್ಯಾಮವ್ವನಿಗೆ ಉಡಿ ತುಂಬಿಸಿದವರೂ ಅವರೇ. ದ್ಯಾಮವ್ವ ಬರೆ ಹಾಕು ಅಂತ ಯಾರಿಗೂ ಹೇಳಿಲ್ಲ.

ವಿದ್ಯಾನಗರ, ಹುಬ್ಬಳ್ಳಿ

ನಾನು ರೇಖಿ ಮಾಡುವವಳು. ಮನುಷ್ಯರಿಗೂ ಮಾಡುತ್ತೇನೆ, ನಾಯಿ ಬೆಕ್ಕಿಗೂ ಮಾಡುತ್ತೇನೆ. ಫೋಟೊ ನೋಡಿ ದುಡ್ಡು ಕೇಳುವವರ ಬಗ್ಗೆ ಓದಿ ನೋವಾಯಿತು. ಅಂಥವರಿಂದ ಎಲ್ಲರಿಗೂ ಕೆಟ್ಟ ಹೆಸರು.

ರೇಖಿ ಶುರುವಾದದ್ದು ಜಪಾನಿನಲ್ಲಿ, ಮಿಕಾವೊ ಉಸುಯಿ ಅವರಿಂದ, 1922ರಲ್ಲಿ. ಪ್ರಾಣಶಕ್ತಿ ಅಂತ ನಾವು ಹೇಳುವುದಕ್ಕೆ ಹತ್ತಿರದ ಕಲ್ಪನೆ. ಕೈಯನ್ನು ಪ್ರಾಣಿಯ ಮೇಲೆ ಅಥವಾ ಸ್ವಲ್ಪ ದೂರದಲ್ಲಿ ಇಟ್ಟು ಸುಮ್ನೆ ಕೂರುತ್ತೇನೆ. ಅದಕ್ಕೆ ಬೇಡವಾದರೆ ಎದ್ದು ಹೋಗುತ್ತದೆ, ನಾನು ಹಿಡಿಯುವುದಿಲ್ಲ. ಜಾಸ್ತಿ ಸಲ ಉಸಿರು ನಿಧಾನವಾಗುತ್ತದೆ. ಕಾಲು ಚಾಚಿ ಮಲಗುತ್ತದೆ. ಪಟಾಕಿಗೆ ಹೆದರಿ ಮಂಚದ ಕೆಳಗೆ ಸೇರಿದ ನಾಯಿಗಳು ಹೊರಗೆ ಬಂದಿವೆ. ಔಷಧ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಉಣ್ಣದ ಪ್ರಾಣಿ ಬಂದರೆ ಮೊದಲು ದವಾಖಾನೆಗೆ ಕಳಿಸುತ್ತೇನೆ. ಆದರೆ ಗುಳಿಗೆಯಲ್ಲಿ ಇಲ್ಲದ್ದು ಒಂದು ಇದೆ ಅಂತ ನನ್ನ ನಂಬಿಕೆ.

ಬೆಟಗೇರಿ ಮಾಸ್ತರ

ಅಕ್ಕಾರೆ, ನೀವು ನೇರವಾಗಿ ಬರೆದದ್ದು ಹಿಡಿಸಿತು. ನಾನೂ ನೇರವಾಗಿಯೇ ಬರೆಯುತ್ತೇನೆ. ನಾನು ವಿಜ್ಞಾನ ಕಲಿಸುವವನು.

1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಎಮಿಲಿ ರೋಸಾ ಅನ್ನುವ ಹುಡುಗಿಯ ಪ್ರಯೋಗ ಪ್ರಕಟವಾಯಿತು. ಶಾಲೆಯ ಪ್ರಾಜೆಕ್ಟಿಗಾಗಿ ಒಂಬತ್ತನೇ ವಯಸ್ಸಿನಲ್ಲಿ ಶುರು ಮಾಡಿದ್ದು. ಮೈ ಮುಟ್ಟದೆ ಕೈಯಿಂದ ಶಕ್ತಿ ಗುರುತಿಸುತ್ತೇವೆ ಅನ್ನುವ 21 ಜನರನ್ನು ಕೂರಿಸಿದಳು. ನಡುವೆ ರಟ್ಟಿನ ಪರದೆ. ಅವರ ಎರಡು ಕೈಗಳಲ್ಲಿ ಒಂದರ ಮೇಲೆ ತನ್ನ ಕೈ ಹಿಡಿದು, ಯಾವ ಕೈ ಅಂತ ಕೇಳಿದಳು. ಸುಮ್ನೆ ಊಹಿಸಿದರೂ ನೂರಕ್ಕೆ ಐವತ್ತು ಸರಿ ಆಗಬೇಕು. ಅವರು ಸರಿ ಹೇಳಿದ್ದು ನೂರಕ್ಕೆ 44. ಅದು ರೇಖಿ ಅಲ್ಲ, ಬೇರೆ ಪದ್ಧತಿ. ಆದರೆ ಕೈಗೆ ಶಕ್ತಿ ತಿಳಿಯುತ್ತದೆ ಅನ್ನುವ ಮಾತು ಎರಡಕ್ಕೂ ಒಂದೇ.

ಇನ್ನೊಂದು ಪ್ರಾಣಿಗಳ ಮೇಲೆಯೇ ಆದ ಅಧ್ಯಯನ, 2012ರದ್ದು. ಕೀಲು ಸವೆದು ಕುಂಟುವ ನಾಯಿಗಳ ಔಷಧ ಪರೀಕ್ಷೆ. ಒಂದು ಗುಂಪಿಗೆ ಔಷಧವೇ ಇಲ್ಲದ ಗುಳಿಗೆ ಕೊಟ್ಟರು. ನಡೆಯುವಾಗ ಕಾಲಿನ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಯಂತ್ರದಿಂದ ಅಳೆದರು. ಯಂತ್ರದಲ್ಲಿ ಸುಧಾರಣೆ ಕಾಣದಿದ್ದರೂ, ಸಾಕಿದವರ ಕಣ್ಣಿಗೆ ವಾಸಿ ಕಂಡದ್ದು ನೂರಕ್ಕೆ ಸುಮಾರು 57 ಸಲ. ನಾಯಿ ನೋಡಿ ಪಳಗಿದ ಪಶುವೈದ್ಯರ ಕಣ್ಣೂ ನೂರಕ್ಕೆ 40 ರಿಂದ 45 ಸಲ ಹಾಗೇ ಕಂಡಿತ್ತು. ಪ್ರೀತಿ ಇದ್ದಲ್ಲಿ ಆಸೆ ಇರುತ್ತದೆ. ಆಸೆ ಇದ್ದಲ್ಲಿ ಕಣ್ಣು ಹೀಗೆ ನೋಡುತ್ತದೆ. ನಾಯಿಗೆ ಮಾತ್ರ ನೋವು ಹಾಗೇ ಇರುತ್ತದೆ, ಅದಕ್ಕೆ ಹೇಳಲು ಬಾಯಿಲ್ಲ. ನನಗೆ ಭಯ ಆಗುವುದು ಇಲ್ಲಿ.

ಹಾಗಾಗಿ ಯಾರಾದರೂ ರೇಖಿ ಮಾಡಿಸಲಿ, ಹೂವಿನ ಸಾರ ಕೊಡಲಿ, ಮೊದಲೇ ಒಂದು ವಿಡಿಯೊ ಮಾಡಿಡಿ. ಎಷ್ಟು ಮೆಟ್ಟಿಲು ಹತ್ತಿತು, ಎಷ್ಟು ರೊಟ್ಟಿ ತಿಂದಿತು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಎರಡು ವಾರ ಬಿಟ್ಟು ಹೋಲಿಸಿ.

ವಿದ್ಯಾನಗರ, ಹುಬ್ಬಳ್ಳಿ

ಮಾಸ್ತರೇ, ಓದಿದೆ. ವಿಡಿಯೊ ಮಾತು ಒಪ್ಪಿದೆ, ಇನ್ನು ಮುಂದೆ ನನ್ನ ಬಳಿ ಬರುವವರಿಗೂ ಹೇಳುತ್ತೇನೆ. ಕುಂಟುವುದು ವಾಸಿ ಆಗುತ್ತದೆ ಅಂತ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಶಾಂತವಾಗಿ ಒಬ್ಬರು ಪಕ್ಕದಲ್ಲಿ ಕೂತಾಗ ನಾಯಿಯ ಹೆದರಿಕೆ ಇಳಿಯುತ್ತದೆ. ಅದು ಪ್ರಾಣಶಕ್ತಿಯಿಂದ ಅಂತ ನಾನು ನಂಬುತ್ತೇನೆ. ಕೈಯ ಬಿಸಿ, ನಿಧಾನ ಉಸಿರು ಅಷ್ಟೇ ಅಂತ ನೀವು ಹೇಳಬಹುದು. ಇಬ್ಬರೂ ನಾಯಿಯ ಪಕ್ಕದಲ್ಲಿ ಕೂರೋಣ.

ಸಾಧನಕೇರಿ, ಧಾರವಾಡ

ಅಕ್ಕಾರೆ, ಮಾಸ್ತರೇ, ಇಬ್ಬರಿಗೂ ಧನ್ಯವಾದ. ಆತ್ಮದ ಜೊತೆ ಮಾತಾಡುತ್ತೇನೆ ಅನ್ನುವವರ ಬಗ್ಗೆ ಮಾತ್ರ ನನಗೆ ಸಮಾಧಾನ ಇಲ್ಲ. ಸಾಕಿದವರ ಮುಖ, ದನಿ ನೋಡಿಯೇ ಅವರು ಉತ್ತರ ಕಟ್ಟುತ್ತಾರೆ ಅಂತ ನನ್ನ ಅನುಮಾನ. ಜರ್ಮನಿಯಲ್ಲಿ ಹಾನ್ಸ್ ಅನ್ನುವ ಕುದುರೆ ಲೆಕ್ಕ ಮಾಡಿ ಗೊರಸು ಬಡಿದು ಉತ್ತರ ಹೇಳುತ್ತದೆ ಅಂತ ಜನ ನಂಬಿದ್ದರು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಪರೀಕ್ಷೆ ಮಾಡಿ ತೋರಿಸಿದರು. ಪ್ರಶ್ನೆ ಕೇಳಿದವರ ತಲೆ, ಮೈ ಸಣ್ಣಗೆ ಅಲುಗುವುದನ್ನು ನೋಡಿ ಅದು ಗೊರಸು ಬಡಿಯುವುದು ನಿಲ್ಲಿಸುತ್ತಿತ್ತು. ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ನನಗೆ ಇದರಲ್ಲಿ ಕಾಣುವುದು ಕುದುರೆಯ ದೊಡ್ಡತನ. ಪ್ರಾಣಿಗಳು ನಮ್ಮನ್ನು ಅಷ್ಟು ಸೂಕ್ಷ್ಮವಾಗಿ ನೋಡುತ್ತವೆ. ನಾವು ಅವನ್ನು ಹಾಗೆ ನೋಡುತ್ತೇವಾ? ಸತ್ತ ಕುನ್ನಿಯ ಮಾತು ಕೇಳಲು ದುಡ್ಡು ಕೊಡುವ ಮೊದಲು, ಬದುಕಿದ್ದಾಗ ಅದು ಉಣ್ಣದೆ ಮೂಲೆಗೆ ಹೋಗಿ ಮಲಗಿದ್ದನ್ನು ಕೇಳಬೇಕಿತ್ತು.

ಉಣಕಲ್ ಬೆಕ್ಕಿನ ಮನೆ

ನಮ್ಮದು ಸಸ್ಯಾಹಾರಿ ಮನೆ. ಮೊಟ್ಟೆಯೂ ಒಳಗೆ ಬರುವುದಿಲ್ಲ. ಬೆಕ್ಕಿಗೂ ಹಾಲು ಅನ್ನ, ಮೊಸರನ್ನ. ನಮ್ಮ ಮನೆಯ ಅನ್ನ ಉಂಡರೆ ಅದಕ್ಕೂ ಒಳ್ಳೆಯ ಜನ್ಮ ಬರುತ್ತದೆ ಅಂತ ಅತ್ತೆ ಹೇಳುತ್ತಾರೆ. ಬೆಕ್ಕು ಈಗೀಗ ಕತ್ತಲಾದರೆ ತಡವರಿಸುತ್ತದೆ. ಡಾಕ್ಟ್ರೇ, ವಯಸ್ಸಾಯಿತು ಅಂತಾನಾ?

ಪಶುವೈದ್ಯೆ, ಗದಗ

ನಾಳೆಯೇ ತೋರಿಸಿರಿ. ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಬೇಕು. ಅದನ್ನು ಬೆಕ್ಕಿನ ಮೈ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಸಿಗುವುದು ಮಾಂಸ, ಮೀನಿನಲ್ಲಿ. ಅನ್ನ, ಬೇಳೆಯಲ್ಲಿ ಇಲ್ಲ, ಹಾಲಿನಲ್ಲಿ ಇರುವುದು ಏನೇನೂ ಸಾಲದು. ಕೊರತೆ ಆದರೆ ಕಣ್ಣಿನ ಹಿಂಪದರ ಸಾಯುತ್ತದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಹೃದಯ ಹಿಗ್ಗಿ ದುರ್ಬಲವಾಗುವುದಕ್ಕೂ ಇದೇ ಕಾರಣ ಅಂತ 1987ರಲ್ಲಿ ಗೊತ್ತಾಯಿತು. ಹೃದಯದ ತೊಂದರೆ ಬೇಗ ಹಿಡಿದರೆ ಸುಧಾರಿಸಬಹುದು.

ನಾಯಿಗಾದರೆ ಲೆಕ್ಕ ಹಾಕಿ ಸಸ್ಯಾಹಾರ ಕೊಡಲು ಸಾಧ್ಯ. ಬೆಕ್ಕಿಗೆ ಮನೆ ಅಡುಗೆಯಲ್ಲಿ ಆಗದು. ಅಡುಗೆ ಮನೆಗೆ ತರುವುದು ಬೇಡವಾದರೆ ಅಂಗಡಿಯ ಬೆಕ್ಕಿನ ಒಣ ಆಹಾರ ತಂದು ಹಿತ್ತಲಲ್ಲಿ ಬೇರೆ ತಾಟಿನಲ್ಲಿ ಇಡಿ. ನಿಮ್ಮ ಅತ್ತೆಯವರಿಗೆ ಹೀಗೆ ಹೇಳಿ ನೋಡಿ: ಇಲಿ ಹಿಡಿಯುವ ಬೆಕ್ಕನ್ನು ಹುಟ್ಟಿಸಿದ ಶಿವನೇ ಅದಕ್ಕೆ ಆ ಹಲ್ಲು ಕೊಟ್ಟಿದ್ದಾನೆ.

ಇನ್ನು ಪೂಜೆ ಸಾಮಾನಿನ ಬಗ್ಗೆ. ಕರ್ಪೂರ ನಾಯಿ ಬೆಕ್ಕಿಗೆ ವಿಷ. ಉಣ್ಣೆ ಹೋಗಲಿ ಅಂತ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಲಸಿ ಹಚ್ಚುತ್ತಾರೆ, ಪ್ರಾಣಿ ನೆಕ್ಕಿಕೊಂಡು ಫಿಟ್ಸ್ ಬರುತ್ತದೆ. ‘ನೈಸರ್ಗಿಕ’ ಅಂತ ಮಾರುವ ಟೀ ಟ್ರೀ ಎಣ್ಣೆಯೂ ಅಷ್ಟೇ, ಬೆಕ್ಕಿನ ಯಕೃತ್ತು ಅದನ್ನು ಕರಗಿಸಲಾರದು. ಬೆಳ್ಳುಳ್ಳಿ, ಈರುಳ್ಳಿ ರಕ್ತ ಕಣ ಒಡೆಯುತ್ತವೆ. ವಿಭೂತಿ ಒಂದು ಚಿಟಿಕೆ ಹಣೆಗೆ ಹಚ್ಚಿದರೆ ಏನೂ ಆಗುವುದಿಲ್ಲ.

ಹಾನಗಲ್ಲಿನಿಂದ

ನಾನು ಕೇಳುವುದು ಭಾರವಾದ ಪ್ರಶ್ನೆ. ನಮ್ಮ ನಾಯಿಗೆ ವಯಸ್ಸಾಗಿದೆ. ಹಿಂಗಾಲು ಬಿದ್ದಿವೆ. ಮಲಗಿ ಮಲಗಿ ಹುಣ್ಣಾಗಿದೆ. ಹೊಟ್ಟೆಯಲ್ಲಿ ಗಡ್ಡೆ ಇದೆ ಅಂದರು. ದಯಾಮರಣದ ಸೂಜಿ ಕೊಡಬಹುದು ಅಂತ ಡಾಕ್ಟರ್ ಹೇಳಿದರು. ನಮ್ಮ ಮನೆಯಲ್ಲಿ ಒಪ್ಪುತ್ತಿಲ್ಲ. ಋಣಾನುಬಂಧ, ಅದರ ಕರ್ಮ ಅದೇ ಉಂಡು ತೀರಿಸಬೇಕು, ನಡುವೆ ಕೈ ಹಾಕಿದರೆ ತಿರುಗಿ ಹುಟ್ಟಿ ಇದೇ ನೋವು ಉಣ್ಣುತ್ತದೆ ಅಂತಾರೆ. ರಾತ್ರಿ ಅದು ನರಳುವುದನ್ನು ಕೇಳಲು ಆಗುವುದಿಲ್ಲ. ಏನು ಮಾಡಲಿ?

ಬೆಟಗೇರಿ ಮಾಸ್ತರ

1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ವಾಸಿಯಾಗದ ನೋವಿನಲ್ಲಿ ಬಿದ್ದಿತ್ತು. ಗಾಂಧೀಜಿ ವೈದ್ಯರಿಂದ ಸೂಜಿ ಕೊಡಿಸಿ ಅದರ ಸಂಕಟ ಮುಗಿಸಿದರು. ಅಹಿಂಸೆಯ ಮನುಷ್ಯ ಹೀಗೆ ಮಾಡಿದರಲ್ಲ ಅಂತ ದೇಶದ ತುಂಬ ಕೋಪ, ಕಾಗದಗಳ ಮಳೆ. ತಾನು ಮಾಡಿದ್ದು ಅಹಿಂಸೆಯೇ ಅಂತ ಅವರು ಬರೆದು ಸಮರ್ಥಿಸಿಕೊಂಡರು. ನಿಮ್ಮ ಮನೆಯವರಿಗೆ ಇದನ್ನು ತಿಳಿಸಿ. ಧರ್ಮ ಗೊತ್ತಿದ್ದವರೇ ಹೀಗೂ ಯೋಚಿಸಿದ್ದಾರೆ.

ಹಳೇ ಹುಬ್ಬಳ್ಳಿ

ಮಾಸ್ತರೇ, ಆ ಕರುವಿನ ವಿಷಯದಲ್ಲಿ ಗಾಂಧೀಜಿಯನ್ನು ಒಪ್ಪದವರಲ್ಲಿ ನಮ್ಮ ಜೈನರು ಬಹಳ ಇದ್ದರು. ನಾನೂ ಒಪ್ಪುವುದಿಲ್ಲ. ಜೀವ ಕೊಡಲಾರದವರು ತೆಗೆಯಬಾರದು. ಆದರೆ ಸುಮ್ನೆ ನರಳಲು ಬಿಡುವುದು ಅಹಿಂಸೆ ಅಂತ ಯಾರೂ ತಿಳಿಯಬಾರದು. ನೋವಿಗೆ ಔಷಧ ಕೊಡಿಸಿ. ಮೆತ್ತನೆ ಹಾಸಿಗೆ ಹಾಕಿ, ಮಗ್ಗಲು ಬದಲಿಸಿ, ಹುಣ್ಣು ತೊಳೆಯಿರಿ, ಬಾಯಿಗೆ ನೀರು ಬಿಡಿ. ನಮ್ಮ ಮನೆಯ ಹಸು ಕೊನೆಯ ದಿನಗಳಲ್ಲಿ ಮಲಗಿದಾಗ ಅಪ್ಪ ಪಕ್ಕದಲ್ಲೇ ಕೂತು ಣಮೋಕಾರ ಮಂತ್ರ ಹೇಳುತ್ತಿದ್ದರು. ಇದೆಲ್ಲ ಮಾಡುವ ಶಕ್ತಿ, ಪುರುಸೊತ್ತು ಇದ್ದವರು ಮಾತ್ರ ‘ಸೂಜಿ ಬೇಡ’ ಅನ್ನಬೇಕು.

ಪಶುವೈದ್ಯೆ, ಗದಗ

ಹಾನಗಲ್ಲಿನವರೇ, ನಿಮ್ಮ ನಾಯಿಯನ್ನು ನಾನು ನೋಡಿಲ್ಲ. ನಾಲ್ಕು ವಿಷಯ ನೋಡಿ. ತಾನಾಗಿ ಉಣ್ಣುತ್ತದಾ? ನೋವಿನ ಔಷಧ ಕೊಟ್ಟ ಮೇಲೆ ನಿದ್ದೆ ಮಾಡುತ್ತದಾ? ಹೊಲಸಿನಲ್ಲಿ ಮಲಗದೆ ಸರಿಯುತ್ತದಾ? ನೀವು ಬಂದರೆ ಬಾಲ ಅಲ್ಲಾಡಿಸುತ್ತದಾ? ನಾಲ್ಕಕ್ಕೂ ಇಲ್ಲ ಅಂದ್ರೆ ಮುಂದೆ ಉಳಿದಿರುವುದು ನೋವು ಮಾತ್ರ. ಹಳೇ ಹುಬ್ಬಳ್ಳಿಯವರು ಹೇಳಿದ ಆರೈಕೆ ಇವತ್ತೇ ಶುರು ಮಾಡಿ, ಏನೇ ನಿರ್ಧಾರ ಮಾಡಿದರೂ ಅದು ಬೇಕು. ಮನುಷ್ಯರ ನೋವಿನ ಗುಳಿಗೆ ಕೊಡಲೇಬೇಡಿ.

ಸೂಜಿ ಹೇಗಿರುತ್ತದೆ ಅಂತ ತಿಳಿದಿರಲಿ. ಮೊದಲು ನಿದ್ದೆ ಬರುತ್ತದೆ, ಆಮೇಲೆ ಹೃದಯ ನಿಲ್ಲುತ್ತದೆ. ಮನೆಯವರು ತೊಡೆಯ ಮೇಲೆ ಇಟ್ಟುಕೊಂಡು ಕೂರಬಹುದು, ದೇವರ ಹೆಸರು ಹೇಳಬಹುದು. ಕರ್ಮದ ಪ್ರಶ್ನೆಗೆ ಉತ್ತರ ಕೊಡುವ ಓದು ನನ್ನದಲ್ಲ. ನೋವು ಇದೆ ಅಂತ ಮಾತ್ರ ನನ್ನ ಓದು ಹೇಳುತ್ತದೆ.

ರಾಣೇಬೆನ್ನೂರು ಹೊಲದ ಮನೆ

ಅಣ್ಣಾ, ಮನಸ್ಸು ಗಟ್ಟಿ ಮಾಡಿಕೊ. ನಮ್ಮಲ್ಲಿ ಎತ್ತು ಸತ್ತರೆ ಹೊಲದಲ್ಲೇ ಗುಂಡಿ ತೋಡಿ, ಭಂಡಾರ ಹಚ್ಚಿ, ಕಾಯಿ ಒಡೆದು ಹೂಳುತ್ತೇವೆ. ನಾಯಿಗೂ ಹಾಗೇ ಮಾಡಿದ್ದೇವೆ. ಗುಂಡಿ ಆಳ ಇರಲಿ, ಬಾವಿ, ಹಳ್ಳದಿಂದ ದೂರ ಇರಲಿ.

ಇನ್ನೊಂದು ಮಾತು, ಇದಕ್ಕೆ ಸಂಬಂಧ ಇಲ್ಲ ಅನ್ನಿಸಬಹುದು. ನಮ್ಮ ಕಡೆ ಒಬ್ಬರು ಹುಚ್ಚು ನಾಯಿ ಕಡಿದವರಿಗೆ ಬೆಲ್ಲದಲ್ಲಿ ಬೇರು ಕೊಡುತ್ತಾರೆ. ಮಂತ್ರ ಹಾಕುತ್ತಾರೆ. ಜನ ದೂರದಿಂದ ಬರುತ್ತಾರೆ. ಡಾಕ್ಟ್ರು ಇದರ ಬಗ್ಗೆಯೂ ಬರೆಯಬೇಕು.

ಪಶುವೈದ್ಯೆ, ಗದಗ

ಇದರಲ್ಲಿ ನಾನು ಯಾರ ನಂಬಿಕೆಗೂ ಜಾಗ ಬಿಡುವುದಿಲ್ಲ. ರೇಬೀಸ್ ಲಕ್ಷಣ ಶುರುವಾದ ಮೇಲೆ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಬೇರು ತಿಂದು ಉಳಿದವರನ್ನು ಕಡಿದ ನಾಯಿಗೆ ಹುಚ್ಚು ಇರಲಿಲ್ಲ, ಇಲ್ಲವೇ ವಿಷಾಣು ಅವರ ಮೈಗೆ ಇಳಿದಿರಲಿಲ್ಲ. ಕಡಿದ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಕೊಡುವ ಲಸಿಕೆ 0, 3, 7 ಮತ್ತು 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೋಗ ತಡೆಯುವ ಸಿದ್ಧ ಪ್ರತಿಕಾಯಗಳ ಸೂಜಿ) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ.

ಕುನ್ನಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ದನದ ದವಾಖಾನೆಗಳಲ್ಲಿ ಉಚಿತವಾಗಿ ಹಾಕುತ್ತಾರೆ.

ಸಾಧನಕೇರಿ, ಧಾರವಾಡ

ಡಾಕ್ಟ್ರೇ, ಓಣಿಯ ಬೀದಿನಾಯಿಗಳನ್ನೂ ಆ ದಿನ ತರಬಹುದಾ? ನಮ್ಮಲ್ಲಿ ಶನಿವಾರ ಕರಿನಾಯಿಗೆ ರೊಟ್ಟಿ ಹಾಕುವ ಮನೆಗಳು ಬಹಳ. ಆ ನಾಯಿಗಳು ಅವರ ಕೈಗೆ ಪಳಗಿವೆ. ಅವರೇ ಹಿಡಿದು ತರುತ್ತಾರೆ ಅಂದಿದ್ದಾರೆ.

ಪಶುವೈದ್ಯೆ, ಗದಗ

ಖಂಡಿತ ತನ್ನಿ. ಕೊರಳಿಗೆ ಹಗ್ಗ, ಬಾಯಿಗೆ ಮೆತ್ತನೆ ಬಟ್ಟೆಯ ಪಟ್ಟಿ ಇರಲಿ. ಯಾವುದಕ್ಕೆ ಹಾಕಿದೆ ಅಂತ ಗೊತ್ತಾಗಲು ಫೋಟೊ ತೆಗೆದು, ಬಣ್ಣ ಮತ್ತು ಓಣಿ ಬರೆದ ಚೀಟಿ ತನ್ನಿ. ಹಿಂದಿನ ದಿನ ನಿಮ್ಮ ಊರಿನ ದವಾಖಾನೆಗೆ ಎಷ್ಟು ನಾಯಿ ಅಂತ ತಿಳಿಸಿ, ಲಸಿಕೆ ತರಿಸಿಟ್ಟಿರುತ್ತಾರೆ.